ಸಕ್ಕರೆ ರೋಗದ ಮಾತ್ರೆಗಳನ್ನು ತೆಗೆದುಕೊಳ್ಳತಕ್ಕ ಕ್ರಮ



ಸಕ್ಕರೆ ರೋಗವು ಪಟ್ಟಣದ ಶ್ರೀಮಂತರಿಗೆ ಮಾತ್ರ ಬರುವದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಮಾತು ಈಗ ಸಲ್ಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಾಯದಿಂದ ನಡೆದು ೨೦೨೩ನೆಯ ಇಸವಿಯಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ನಮ್ಮ ದೇಶದಲ್ಲಿ ಈ ರೋಗವುಳ್ಳವರು ಹತ್ತು ಕೋಟಿಗೂ ಮೇಲ್ಪಟ್ಟಿದ್ದಾರೆ. ನೇಗಿಲು ಹಿಡಿಯುವವನಿಗೂ, ಕೂಲಿಗೆ ಹೋಗುವವಳಿಗೂ, ಉಪದೇಶಿಗೂ ಇದು ಬಂದದೆ. ಬಹು ಮನೆಗಳಲ್ಲಿ ದೀಪದ ಗೂಡಿನ ಬಳಿಯಲ್ಲಿ ಈಗ ಒಂದು ಮಾತ್ರೆಯ ಪಟ್ಟಿಯೂ ಇರುವದು. ಆದರೆ ಮಾತ್ರೆಯನ್ನು ಮನೆಗೆ ತರುವದು ಒಂದು, ಅದನ್ನು ತಿಳಿದು ತೆಗೆದುಕೊಳ್ಳುವದು ಇನ್ನೊಂದು. ಈ ಎರಡನೆಯದನ್ನು ಕುರಿತೇ ಈ ಪಾಠವು.

ಮೊದಲು ಒಂದು ದೃಷ್ಟಾಂತವನ್ನು ಹೇಳುವೆವು. ಒಂದು ಗ್ರಾಮದಲ್ಲಿ ಎಪ್ಪತ್ತು ವರುಷ ಪ್ರಾಯದ ಒಬ್ಬ ವಿಧವೆಯು ಇದ್ದಳೆಂದು ನೆನಸಿರಿ. ಆಕೆಯು ಆರು ವರುಷಗಳಿಂದ ದಿನಾಲು ಬೆಳಿಗ್ಗೆ ಎರಡು ಮಾತ್ರೆಗಳನ್ನು ತಪ್ಪದೆ ನುಂಗುತ್ತಾ ಬಂದವಳು. ಶುಭ ಶುಕ್ರವಾರದಲ್ಲಿ ಆಕೆಯು ಉಪವಾಸವಿದ್ದಳು. ಗಂಜಿಯನ್ನು ಬಿಟ್ಟಳು, ಆದರೆ ಮಾತ್ರೆಗಳನ್ನು ಬಿಡಲಿಲ್ಲ. ಸೊಸೆಯು, "ಅತ್ತೇ, ಏನೂ ತಿನ್ನದೆ ಮಾತ್ರೆ ತಕ್ಕೊಂಡಿರಲ್ಲಾ" ಅಂದಾಗ, "ಡಾಕ್ಟರರು ಒಂದು ದಿನವೂ ಬಿಡಬೇಡಿ ಅಂದಿದ್ದಾರಮ್ಮಾ, ಉಪವಾಸ ಅನ್ನಕ್ಕೆ, ಮಾತ್ರೆಗಲ್ಲ" ಎಂದು ಉತ್ತರ ಕೊಟ್ಟಳು. ಬಿಸಿಲಲ್ಲಿ ಒಂದು ಮೈಲು ನಡೆದು ದೇವಾಲಯಕ್ಕೆ ಬಂದು ಕೂತಳು. ಮಧ್ಯಾಹ್ನದ ಹೊತ್ತಿಗೆ ಆಕೆಯ ಹಣೆಯು ಬೆವತು ಸೆರಗು ಒದ್ದೆಯಾಯಿತು, ಕೈಗಳು ನಡುಗಿದವು, ಪಕ್ಕದವಳು ಮಾತಾಡಿಸಿದರೆ ಸಂಬಂಧವಿಲ್ಲದ ಮಾತುಗಳನ್ನಾಡಿದಳು. ಬಿಸಿಲಿನ ಝಳವೆಂದು ಕೆಲವರು, ಮೂರ್ಛೆ ರೋಗವೆಂದು ಕೆಲವರು ಅಂದರು. ಇನ್ನೂ ಕೆಲವರು ಮನಸ್ಸಿನಲ್ಲಿ ಏನೇನು ನೆನಸಿದರೋ, ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಸೊಸೆಯೊಬ್ಬಳು ಮಾತ್ರ ಸಂಗತಿಯನ್ನು ಅರಿತು, ನೆರೆಮನೆಯಿಂದ ಸಕ್ಕರೆಯನ್ನು ತರಿಸಿ, ಮೂರು ಚಮಚ ನೀರಿನಲ್ಲಿ ಕಲಸಿ, "ಅತ್ತೇ, ಇದನ್ನು ಕುಡೀರಿ" ಎಂದು ಕುಡಿಸಿದಳು. ಕಾಲು ಗಂಟೆಯೊಳಗೆ ಮುದುಕಿಯು ಎಲ್ಲರ ಗುರುತು ಹಿಡಿದಳು.

ಇದರಲ್ಲಿ ಆ ತಾಯಿಯ ತಪ್ಪೇನು? ಆಕೆಯು ಅವಿಧೇಯಳಾಗಿರಲಿಲ್ಲ. ವೈದ್ಯರು ಹೇಳಿದ ಎರಡು ಮಾತುಗಳಲ್ಲಿ ಒಂದನ್ನು ಬಿಗಿಯಾಗಿ ಹಿಡಿದು, "ಊಟದ ಸಂಗಡ" ಎಂಬ ಮತ್ತೊಂದನ್ನು ಮರೆತಳು. ಮತ್ತು ತಾನು ನುಂಗುವ ಎರಡು ಮಾತ್ರೆಗಳು ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತವೆಂಬದನ್ನು ಆಕೆಗೆ ಯಾರೂ ತಿಳಿಸಿದ್ದಿಲ್ಲ. ನಮ್ಮಲ್ಲಿ ಎಷ್ಟು ಮಂದಿಗೆ ಅದು ತಿಳಿದದೆ?

ಆದಕಾರಣ ಅದನ್ನು ಸ್ವಲ್ಪ ವಿವರಿಸುವೆವು. ನಾವು ತಿಂದ ಮುದ್ದೆಯಾಗಲಿ ರೊಟ್ಟಿಯಾಗಲಿ ಅನ್ನವಾಗಲಿ ಹೊಟ್ಟೆಯಲ್ಲಿ ಕರಗಿ ಸಕ್ಕರೆಯಾಗಿ ರಕ್ತವನ್ನು ಸೇರುವದು. ಹೊಟ್ಟೆಯ ಹಿಂದೆ ಇರುವ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ಬಿಟ್ಟು, ಆ ಸಕ್ಕರೆಯನ್ನು ದೇಹದ ಮಾಂಸಖಂಡಗಳೊಳಗೆ ಸೇರಿಸುವದು. ಇದಲ್ಲದೆ ಯಕೃತ್ತು ರಾತ್ರಿಯ ಹೊತ್ತಿಗಾಗಿ ಸಕ್ಕರೆಯನ್ನು ಕೂಡಿಸಿಟ್ಟು, ಬೇಕಾದಾಗ ರಕ್ತಕ್ಕೆ ಬಿಡುವದು. ಎರಡನೆಯ ವಿಧದ ಸಕ್ಕರೆ ರೋಗದಲ್ಲಿ ಮಾಂಸಖಂಡಗಳು ಇನ್ಸುಲಿನಿನ ಮಾತನ್ನು ಸರಿಯಾಗಿ ಕೇಳುವದಿಲ್ಲ, ಯಕೃತ್ತು ಬೇಡವಾದಾಗಲೂ ಸಕ್ಕರೆಯನ್ನು ಬಿಡುತ್ತಲೇ ಇರುವದು, ಮತ್ತು ವರುಷಗಳು ಹೋದ ಹಾಗೆ ಗ್ರಂಥಿಯೂ ದಣಿಯುವದು.

ಮೆಟ್‌ಫಾರ್ಮಿನ್ ಎಂಬ ಮಾತ್ರೆಯು ಮುಖ್ಯವಾಗಿ ಯಕೃತ್ತನ್ನು ತಡೆಯುವದು ಮತ್ತು ಇನ್ಸುಲಿನಿನ ಕೆಲಸಕ್ಕೆ ಸಹಾಯ ಮಾಡುವದು. ಇದು ಗ್ರಂಥಿಯನ್ನು ಹೊಡೆದು ಓಡಿಸುವದಿಲ್ಲ. ಆದದರಿಂದ ಇದನ್ನು ಒಂದನ್ನೇ ತೆಗೆದುಕೊಳ್ಳುವವನಿಗೆ ಸಕ್ಕರೆಯು ಅಪಾಯವಾಗುವಷ್ಟು ಇಳಿಯುವದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಎಂಬವುಗಳಾದರೋ ಬೇರೆ ಜಾತಿಯವು. ಇವು ಗ್ರಂಥಿಯನ್ನು ಒತ್ತಾಯಿಸಿ ಇನ್ಸುಲಿನನ್ನು ಹೊರಡಿಸುವವು. ನೀವು ಉಂಡಿರೋ ಇಲ್ಲವೋ ಎಂದು ಅವು ಕೇಳುವದಿಲ್ಲ. ಉಂಡಿದ್ದರೆ ಒಳ್ಳೆಯದಾಯಿತು, ಉಣ್ಣದಿದ್ದರೆ ಇದ್ದ ಸಕ್ಕರೆಯೂ ರಕ್ತದಿಂದ ಹೋಗಿ, ಮಿದುಳು ಹಸಿದು, ಮನುಷ್ಯನು ಬೀಳುವನು. ಮುದುಕಿಯ ಎರಡನೆಯ ಮಾತ್ರೆಯು ಈ ಜಾತಿಯದೇ. ಅವುಗಳಲ್ಲಿಯೂ ಗ್ಲಿಬೆನ್‌ಕ್ಲಮೈಡಿನ ಬಲವು ಬಹಳ ಹೊತ್ತು ನಿಲ್ಲುವದರಿಂದ ಅರವತ್ತು ದಾಟಿದವರಿಗೆ ಅದು ತಕ್ಕದ್ದಲ್ಲವೆಂದು ಲೋಕಾರೋಗ್ಯ ಸಂಸ್ಥೆಯವರು ತಮ್ಮ ಅವಶ್ಯ ಔಷಧಗಳ ಪಟ್ಟಿಯಲ್ಲಿ ಸೂಚಿಸಿದ್ದಾರೆ. ನಿಮ್ಮ ಮನೆಯ ಹಿರಿಯರ ಪಟ್ಟಿಯಲ್ಲಿ ಆ ಹೆಸರು ಕಂಡರೆ ಹೆದರಿ ಬಿಸಾಡಬೇಡಿರಿ; ಮುಂದಿನ ಸಾರಿ ವೈದ್ಯರಿಗೆ ತೋರಿಸಿ ಕೇಳಿರಿ.

ಮೆಟ್‌ಫಾರ್ಮಿನಿನ ಕಥೆಯು ಸ್ವಾರಸ್ಯವಾದದ್ದು. ಐರೋಪ್ಯ ದೇಶಗಳಲ್ಲಿ ಗಲೇಗಾ ಎಂಬ ಒಂದು ಗಿಡವುಂಟು. ಅದನ್ನು ಹಳ್ಳಿಯವರು ಹಿಂದಿನ ಕಾಲದಿಂದ ಮದ್ದಿಗೆ ಉಪಯೋಗಿಸುತ್ತಿದ್ದರು. ಆ ಗಿಡದಲ್ಲಿ ದೊರೆತ ದ್ರವ್ಯದ ಕುಲಕ್ಕೆ ಸೇರಿದ ಮೆಟ್‌ಫಾರ್ಮಿನನ್ನು ೧೯೨೨ನೆಯ ಇಸವಿಯಲ್ಲಿ ವರ್ನರ್ ಮತ್ತು ಬೆಲ್ ಎಂಬವರು ಮೊದಲು ತಯಾರಿಸಿದರು. ಅದನ್ನು ಸಕ್ಕರೆ ರೋಗಿಗಳಿಗೆ ಕೊಟ್ಟು ೧೯೫೭ರಲ್ಲಿ ಫಲವನ್ನು ಪ್ರಕಟಿಸಿದವನು ಜ್ಯಾನ್ ಸ್ಟರ್ನ್ ಎಂಬ ಫ್ರೆಂಚ್ ವೈದ್ಯನು. ಇದೇ ಕುಲದ ಫೆನ್‌ಫಾರ್ಮಿನ್ ಎಂಬ ಮತ್ತೊಂದು ಔಷಧವು ರಕ್ತದಲ್ಲಿ ಹುಳಿಯನ್ನು ಹೆಚ್ಚಿಸಿ ಅನೇಕರ ಪ್ರಾಣ ತೆಗೆದದ್ದರಿಂದ ೧೯೭೦ರ ದಶಕದ ಕೊನೆಯಲ್ಲಿ ಬಹು ದೇಶಗಳಲ್ಲಿ ಹಿಂತೆಗೆಯಲ್ಪಟ್ಟಿತು. ನಮ್ಮ ದೇಶದಲ್ಲಿ ೨೦೦೩ರಲ್ಲಿ ನಿಷೇಧವಾಯಿತು. ಮೆಟ್‌ಫಾರ್ಮಿನಿನಲ್ಲಿ ಆ ಅಪಾಯವು ಬಹು ಕಡಿಮೆ, ಆದರೆ ಪೂರ್ತಿಯಾಗಿ ಇಲ್ಲದೆ ಇಲ್ಲ. ಎಂಥವರಿಗೆ ಇರುವದೆಂಬದನ್ನು ಕೆಳಗೆ ಹೇಳುವೆವು. "ಗಿಡದಿಂದ ಬಂದದ್ದು ನಿರಪಾಯ, ಕಾರ್ಖಾನೆಯಿಂದ ಬಂದದ್ದು ವಿಷ" ಎಂದು ವಾದಿಸುವವರು ಈ ಕಥೆಯನ್ನು ಎರಡು ಸಾರಿ ಓದಲಿ.

ಇನ್ನು ಮೆಟ್‌ಫಾರ್ಮಿನನ್ನು ತೆಗೆದುಕೊಳ್ಳುವ ಕ್ರಮ. ಅದನ್ನು ಊಟದ ನಡುವೆ ಇಲ್ಲವೆ ಊಟವಾದ ಕೂಡಲೆ ನುಂಗತಕ್ಕದ್ದು. ಬರೀ ಹೊಟ್ಟೆಯಲ್ಲಿ ನುಂಗಿದರೆ ಓಕರಿಕೆ, ಹೊಟ್ಟೆ ಉಬ್ಬರ, ಭೇದಿಗಳು ಹೆಚ್ಚಾಗುವವು. ಮೊದಲಿನ ಎರಡು ಮೂರು ವಾರಗಳಲ್ಲಿ ಊಟದ ಸಂಗಡ ತೆಗೆದುಕೊಂಡರೂ ಸ್ವಲ್ಪ ತೊಂದರೆಯಾಗಬಹುದು, ಬಾಯಲ್ಲಿ ತಾಮ್ರದ ಚೊಂಬನ್ನು ನೆಕ್ಕಿದಂಥ ರುಚಿಯೂ ತೋರಬಹುದು. ಅದಕ್ಕಾಗಿಯೇ ವೈದ್ಯರು ೫೦೦ ಮಿಲಿಗ್ರಾಮಿನ ಒಂದು ಮಾತ್ರೆಯಿಂದ ಆರಂಭಿಸಿ ವಾರ ವಾರಕ್ಕೆ ಮೆಲ್ಲಗೆ ಏರಿಸುವರು. ಎರಡು ದಿನ ಭೇದಿಯಾಯಿತೆಂದು ಮಾತ್ರೆಯನ್ನು ಹಿತ್ತಿಲಿಗೆ ಎಸೆದು, "ನನ್ನ ಮೈಗೆ ಒಗ್ಗಲಿಲ್ಲ" ಅನ್ನುವವರು ಬಹು ಜನ. ಅವರು ಮರಳಿ ವೈದ್ಯರ ಬಳಿಗೆ ಹೋದರೆ, ಪ್ರಮಾಣವನ್ನು ಕಡಿಮೆ ಮಾಡಿ ಕೊಡಬಹುದು, ಇಲ್ಲವೆ ಮೆಲ್ಲಗೆ ಕರಗುವ ಮಾತ್ರೆಯನ್ನು ಕೊಡಬಹುದು. ಅಂಥ ಮಾತ್ರೆಯ ಹೆಸರಿನ ಸಂಗಡ ಎಸ್‌ಆರ್, ಎಕ್ಸ್‌ಆರ್, ಇಆರ್ ಎಂಬ ಅಕ್ಷರಗಳಿರುವವು. ಇದನ್ನು ಅಗಿಯಲೂ ಕೂಡದು, ಪುಡಿಮಾಡಲೂ ಕೂಡದು. ಮಾಡಿದರೆ ದಿನವೆಲ್ಲಾ ಇಳಿಯಬೇಕಾದ ಔಷಧವು ಒಂದೇ ಸಾರಿ ಇಳಿಯುವದು. ಅದರ ಬರೀ ಸಿಪ್ಪೆಯು ಕೆಲವೊಮ್ಮೆ ಮಲದಲ್ಲಿ ಕಾಣಿಸುವದುಂಟು. ಔಷಧವು ಒಳಗೆ ಸೇರಿಯಾಗಿದೆ, ಮತ್ತೊಂದನ್ನು ನುಂಗಬೇಕಾಗಿಲ್ಲ.

ಗ್ಲಿಮೆಪಿರೈಡನ್ನು ದಿನದ ಮೊದಲನೆಯ ಊಟಕ್ಕೆ ಸ್ವಲ್ಪ ಮುಂಚೆ ಇಲ್ಲವೆ ಊಟದ ಸಂಗಡ ತೆಗೆದುಕೊಳ್ಳುವದು ರೂಢಿ. ತಟ್ಟೆಯಲ್ಲಿ ಊಟ ಬಡಿಸಿದ್ದನ್ನು ಕಣ್ಣಾರೆ ಕಂಡ ಮೇಲೆ ಮಾತ್ರೆಯನ್ನು ಬಾಯಿಗೆ ಹಾಕಿರಿ. ಮಾತ್ರೆ ನುಂಗಿ ಎಮ್ಮೆ ಕರೆಯುವದಕ್ಕೂ ಗದ್ದೆಗೆ ನೀರು ತಿರುಗಿಸುವದಕ್ಕೂ ಹೋಗಿ, ಬಂದ ಮೇಲೆ ಉಣ್ಣುವೆನೆಂಬದು ಅಪಾಯಕರ. ಆ ಹೊತ್ತಿನ ಊಟವೇ ಇಲ್ಲವಾದರೆ ಆ ಮಾತ್ರೆಯನ್ನೂ ಆ ಹೊತ್ತು ಬಿಡತಕ್ಕದ್ದು.

ಸಭೆಯವರು ಸಾಮಾನ್ಯವಾಗಿ ಕೇಳುವ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡುವೆವು.

ಪ್ರಶ್ನೆ: ಬೆಳಗಿನ ಮಾತ್ರೆಯನ್ನು ಮರೆತರೆ ರಾತ್ರಿ ಎರಡನ್ನೂ ಕೂಡಿಸಿ ತೆಗೆದುಕೊಳ್ಳಬಹುದೋ?
ಉತ್ತರ: ಕೂಡದು. ತಪ್ಪಿದ್ದು ತಪ್ಪಿಹೋಯಿತು. ಮುಂದಿನ ಹೊತ್ತಿನದನ್ನು ಅದರ ಊಟದ ಸಂಗಡ, ಮೊದಲಿನಷ್ಟೇ ತೆಗೆದುಕೊಳ್ಳಿರಿ.

ಪ್ರಶ್ನೆ: ಸಕ್ಕರೆಯು ಪರೀಕ್ಷೆಯಲ್ಲಿ ಸರಿಯಾಗಿ ಬಂತು. ಇನ್ನು ಮಾತ್ರೆಯನ್ನು ನಿಲ್ಲಿಸಬಹುದಲ್ಲವೇ?
ಉತ್ತರ: ಮಾತ್ರೆಯಿಂದಲೇ ಸರಿಯಾಗಿ ಬಂದಿರಬಹುದಲ್ಲವೇ? ಕೊಡೆ ಹಿಡಿದವನು ನೆನೆಯಲಿಲ್ಲವೆಂದು ಮಳೆಯ ನಡುವೆ ಕೊಡೆಯನ್ನು ಮಡಿಸುವನೋ? ಮೈಭಾರ ಇಳಿದು ಸಕ್ಕರೆ ನಿಂತವರಿಗೆ ವೈದ್ಯರು ಮಾತ್ರೆಯನ್ನು ಕಡಿಮೆ ಮಾಡುವದು ನಿಜವಾಗಿಯೂ ಉಂಟು. ಆದರೆ ಅದು ಪರೀಕ್ಷೆ ನೋಡಿ ಅವರು ಹೇಳತಕ್ಕದ್ದು.

ಪ್ರಶ್ನೆ: ಪ್ರಾರ್ಥನೆ ಮಾಡಿಸಿಕೊಂಡ ಮೇಲೆ ಮಾತ್ರೆ ತೆಗೆದುಕೊಳ್ಳುವದು ಅವಿಶ್ವಾಸವೆಂದು ಒಬ್ಬರು ಹೇಳಿದರು.
ಉತ್ತರ: ಬೆಳೆಗಾಗಿ ಪ್ರಾರ್ಥಿಸಿದವನು ಉಳುಮೆ ಮಾಡುವದು ಅವಿಶ್ವಾಸವೆಂದು ಆತನು ಎಂದಾದರೂ ಹೇಳಿದ್ದುಂಟೋ ಎಂದು ಕೇಳಿರಿ. ಹೀಗೆ ಮಾತ್ರೆ ಬಿಟ್ಟವರ ಕಾಲಿನ ಹುಣ್ಣು, ಕಣ್ಣಿನ ಮಬ್ಬು, ಕೆಟ್ಟ ಮೂತ್ರಪಿಂಡಗಳನ್ನು ಆ ಬೋಧಕನು ಹೊರುವದಿಲ್ಲ, ಮನೆಯವರೇ ಹೊರಬೇಕಾಗುವದು.

ಪ್ರಶ್ನೆ: ಉಪವಾಸ ಮಾಡಬಹುದೋ?
ಉತ್ತರ: ಮೆಟ್‌ಫಾರ್ಮಿನ್ ಮಾತ್ರ ತೆಗೆದುಕೊಳ್ಳುವವರಿಗೆ ಅಪಾಯವು ಕಡಿಮೆ. ಗ್ಲಿಮೆಪಿರೈಡಿನ ಜಾತಿಯ ಮಾತ್ರೆಯನ್ನಾಗಲಿ ಇನ್ಸುಲಿನನ್ನಾಗಲಿ ತೆಗೆದುಕೊಳ್ಳುವವರು ಒಂದು ವಾರ ಮುಂಚೆಯೇ ವೈದ್ಯರನ್ನು ಕೇಳದೆ ಉಪವಾಸ ಮಾಡಲೇ ಕೂಡದು. ವೃದ್ಧರೂ ಮೂತ್ರಪಿಂಡದ ರೋಗಿಗಳೂ ಗರ್ಭಿಣಿಯರೂ ಉಪವಾಸವನ್ನು ಬಿಟ್ಟರೆ ಅವರನ್ನು ಯಾರೂ ಆಕ್ಷೇಪಿಸಬಾರದು.

ಸಕ್ಕರೆ ಇಳಿದವನ ಗುರುತುಗಳನ್ನು ಮನೆಯವರೆಲ್ಲರೂ, ಮಕ್ಕಳು ಸಹ, ಕಲಿತುಕೊಳ್ಳಬೇಕು. ತಣ್ಣನೆಯ ಬೆವರು, ನಡುಕ, ಎದೆಬಡಿತ, ಸಹಿಸಲಾರದ ಹಸಿವು, ಕಾರಣವಿಲ್ಲದ ಸಿಟ್ಟು, ತೊದಲುವ ಮಾತು, ತೂರಾಡುವ ನಡೆ. ಕುಡಿದವನಂತೆ ಕಾಣುವದರಿಂದ ಇಂಥವನನ್ನು ದಾರಿಯ ಬದಿಯಲ್ಲಿ ಬಿಟ್ಟುಹೋದದ್ದುಂಟು. ಕೈಯಲ್ಲಿ ಪರೀಕ್ಷಾ ಯಂತ್ರವಿದ್ದರೆ ನೋಡಿರಿ. ೭೦ಕ್ಕಿಂತ ಕಡಿಮೆಯಿದ್ದರೆ ಸಂದೇಹವಿಲ್ಲ. ಯಂತ್ರವಿಲ್ಲದಿದ್ದರೆ ಕಾಯದೆ ಸಕ್ಕರೆ ಕೊಡಿರಿ. ಮೂರು ಚಹದ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ನೋಡಿ, ವಾಸಿಯಾಗದಿದ್ದರೆ ಇನ್ನೊಮ್ಮೆ ಅಷ್ಟನ್ನೇ ಕೊಡಿರಿ. ಎಚ್ಚರವಾದ ಮೇಲೆ ಅನ್ನವನ್ನೋ ರೊಟ್ಟಿಯನ್ನೋ ಉಣ್ಣಿಸಿರಿ. ಪ್ರಜ್ಞೆ ತಪ್ಪಿದವನ ಬಾಯಿಗೆ ಮಾತ್ರ ನೀರನ್ನಾಗಲಿ ಸಕ್ಕರೆಯನ್ನಾಗಲಿ ಹಾಕಬೇಡಿರಿ. ಅದು ಶ್ವಾಸಕ್ಕೆ ಹೋಗಿ ಉಸಿರು ಕಟ್ಟುವದು. ಒಂದು ಪಕ್ಕಕ್ಕೆ ಮಲಗಿಸಿ ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಿರಿ.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಒಂದು, ಈ ಮಾತ್ರೆಗಳ ಬಲವು ಗಂಟೆಗಟ್ಟಲೆ ಉಳಿಯುವದರಿಂದ ಎದ್ದು ಕೂತವನು ಸಂಜೆಗೆ ತಿರಿಗಿ ಬೀಳಬಹುದು. ನಮ್ಮ ದೃಷ್ಟಾಂತದ ಸೊಸೆಯು ಅತ್ತೆಯು ಚೇತರಿಸಿಕೊಂಡಳೆಂದು ಸುಮ್ಮನಿರದೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ದಿದ್ದರೆ ಅವಳ ಕೆಲಸವು ಪೂರ್ತಿಯಾಗುವದು, ಯಾಕಂದರೆ ಅಂಥವರನ್ನು ಒಂದು ಹಗಲು ಒಂದು ರಾತ್ರಿಯಾದರೂ ಕಾಯಬೇಕಾಗುವದು. ಎರಡನೆಯದು, ವೋಗ್ಲಿಬೋಸ್ ಇಲ್ಲವೆ ಅಕಾರ್ಬೋಸ್ ಎಂಬ ಔಷಧವು ಕೂಡಿರುವ ಮಾತ್ರೆಗಳುಂಟು. ಇವು ಅಡಿಗೆಮನೆಯ ಸಕ್ಕರೆಯು ಕರುಳಿನಲ್ಲಿ ಬೇಗ ಒಡೆಯದಂತೆ ತಡೆಯುವವು. ಅಂಥ ಮಾತ್ರೆಯವರು ಅಂಗಡಿಯಲ್ಲಿ ದೊರೆಯುವ ಗ್ಲೂಕೋಸ್ ಪುಡಿಯನ್ನೇ ಮನೆಯಲ್ಲಿಟ್ಟುಕೊಳ್ಳಬೇಕು.

ರೋಗ ಬಿದ್ದ ದಿನಗಳ ವಿಷಯವು ಇದಕ್ಕಿಂತ ಮುಖ್ಯವಾದದ್ದು, ಆದರೂ ಇದನ್ನು ಬಲ್ಲವರು ಕೊಂಚ. ವಾಂತಿಭೇದಿಯಾಗಿ, ಇಲ್ಲವೆ ಜ್ವರ ಬಲವಾಗಿ, ನೀರು ಕೂಡ ಒಳಗೆ ನಿಲ್ಲದಿದ್ದರೆ ದೇಹವು ಒಣಗುವದು, ಮೂತ್ರಪಿಂಡಗಳು ತಮ್ಮ ಕೆಲಸವನ್ನು ತಗ್ಗಿಸುವವು. ಮೆಟ್‌ಫಾರ್ಮಿನ್ ದೇಹದಿಂದ ಹೊರಗೆ ಹೋಗತಕ್ಕ ದಾರಿಯು ಮೂತ್ರಪಿಂಡವೇ. ದಾರಿ ಮುಚ್ಚಿದರೆ ಔಷಧವು ಒಳಗೆ ಕೂಡಿ, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲವೆಂಬ ಹುಳಿಯು ಏರುವದು. ಆಗ ಓಡಿ ಬಂದವನಂತೆ ಏದುಸಿರು, ಹೊಟ್ಟೆನೋವು, ಮೈಕೈ ಸೆಳೆತ, ತೂಕಡಿಕೆ ಉಂಟಾಗುವವು, ಇದು ಪ್ರಾಣಾಪಾಯವು. ಆದದರಿಂದ ಇಂಥ ದಿನಗಳಲ್ಲಿ ಮೆಟ್‌ಫಾರ್ಮಿನನ್ನು ನಿಲ್ಲಿಸಿ, ಕೂಡಲೆ ವೈದ್ಯರಿಗೆ ತಿಳಿಸಿ, ತಿಂದದ್ದು ಕುಡಿದದ್ದು ಒಂದೆರಡು ದಿನ ಸರಿಯಾಗಿ ನಿಂತ ಮೇಲೆ ಮರಳಿ ಆರಂಭಿಸತಕ್ಕದ್ದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಹೊಸ ಮಾತ್ರೆಗಳಿಗೂ ಇದೇ ನಿಯಮ. ಇನ್ಸುಲಿನ್ ಚುಚ್ಚಿಕೊಳ್ಳುವವರು ಮಾತ್ರ ಅದನ್ನು ತಾವಾಗಿಯೇ ನಿಲ್ಲಿಸಬಾರದು; ಎಷ್ಟು ಚುಚ್ಚಬೇಕೆಂದು ಕೇಳಬೇಕು.

ಇದೇ ಕಾರಣದಿಂದ ವರುಷಕ್ಕೆ ಒಮ್ಮೆಯಾದರೂ ರಕ್ತವನ್ನು ಕೊಟ್ಟು ಮೂತ್ರಪಿಂಡದ ಪರೀಕ್ಷೆಯನ್ನು ಮಾಡಿಸಬೇಕು. ಆ ಕಾಗದದಲ್ಲಿ ಇ-ಜಿ-ಎಫ್-ಆರ್ ಎಂಬ ಒಂದು ಸಂಖ್ಯೆ ಇರುವದು. ಅದು ೪೫ಕ್ಕೆ ಕೆಳಗಾದರೆ ವೈದ್ಯರು ಮೆಟ್‌ಫಾರ್ಮಿನಿನ ಪ್ರಮಾಣವನ್ನು ತಗ್ಗಿಸುವರು; ೩೦ಕ್ಕೆ ಕೆಳಗಾದರೆ ಅದನ್ನು ತೆಗೆದುಕೊಳ್ಳಲೇ ಕೂಡದು. ಸ್ಕ್ಯಾನಿಗೆ ಮುಂಚೆ ನರಕ್ಕೆ ಬಣ್ಣದ ಔಷಧ ಚುಚ್ಚುವದಾದರೆ, ಇಲ್ಲವೆ ಶಸ್ತ್ರಕ್ರಿಯೆ ಇದ್ದರೆ, ನೀವು ಈ ಮಾತ್ರೆಯನ್ನು ತೆಗೆದುಕೊಳ್ಳುವಿರೆಂದು ಬಾಯಿಬಿಟ್ಟು ಹೇಳಿರಿ. ಸೊಂಟನೋವಿಗೂ ಮೊಣಕಾಲು ನೋವಿಗೂ ಅಂಗಡಿಯಿಂದ ಬೇಕಾದ ಹಾಗೆ ತಂದು ನುಂಗುವ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಶತ್ರುಗಳು. ಹೆಂಡ ಸಾರಾಯಿಗಳು ಈ ಎರಡು ಜಾತಿಯ ಮಾತ್ರೆಗಳಿಗೂ ಆಗವು: ಒಂದರ ಸಂಗಡ ಹುಳಿಯನ್ನು ಏರಿಸುವವು, ಮತ್ತೊಂದರ ಸಂಗಡ ಸಕ್ಕರೆಯನ್ನು ಬೀಳಿಸುವವು.

ಮೆಟ್‌ಫಾರ್ಮಿನನ್ನು ಬಹು ವರುಷ ತೆಗೆದುಕೊಂಡವರಲ್ಲಿ ಬಿ-೧೨ ಎಂಬ ಜೀವಸತ್ವವು ಕಡಿಮೆಯಾಗುವದುಂಟು. ಮಾಂಸ ಮೊಟ್ಟೆ ಹಾಲುಗಳನ್ನು ಕಡಿಮೆ ತಿನ್ನುವವರಲ್ಲಿ ಹೆಚ್ಚು. ಅಂಗಾಲು ಜೋಮು ಹಿಡಿಯುವದು, ಉರಿಯುವದು, ಬಳಲಿಕೆ ಇವುಗಳನ್ನು ಸಕ್ಕರೆ ರೋಗದ ಫಲವೆಂದೇ ಎಲ್ಲರೂ ತಿಳಿಯುವರು. ಕೆಲವರಲ್ಲಿ ಅದು ಈ ಕೊರತೆಯಿಂದ ಬಂದದ್ದಾಗಿದ್ದು, ಪರೀಕ್ಷೆ ಮಾಡಿಸಿ ಬಿ-೧೨ ಕೊಟ್ಟರೆ ವಾಸಿಯಾಗಬಹುದು.

ಹೆಸರುಗಳ ಗೊಂದಲದಿಂದಾಗುವ ಕೇಡನ್ನು ಹೇಳದೆ ಬಿಡಲಾರೆವು. ಒಂದೇ ಔಷಧಕ್ಕೆ ನಮ್ಮ ದೇಶದಲ್ಲಿ ನೂರಾರು ಅಂಗಡಿ ಹೆಸರುಗಳುಂಟು, ಮತ್ತು ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಗಳು ಕೂಡಿರುವವು. ತಾಲೂಕಿನ ಆಸ್ಪತ್ರೆಯಲ್ಲಿ ಒಂದು ಪಟ್ಟಿ ಕೊಟ್ಟರು, ಸಂತೆಯ ಊರಿನ ವೈದ್ಯರು ಮತ್ತೊಂದನ್ನು ಬರೆದರು. ಬಣ್ಣ ಬೇರೆ, ಹೆಸರು ಬೇರೆ. ರೋಗಿಯು ಎರಡನ್ನೂ ನುಂಗುತ್ತಾನೆ. ಒಳಗಿರುವದು ಮಾತ್ರ ಒಂದೇ ಗ್ಲಿಮೆಪಿರೈಡ್, ಈಗ ಎರಡರಷ್ಟು! ದೊಡ್ಡ ಅಕ್ಷರದ ಹೆಸರಿನ ಹತ್ತಿರ ಚಿಕ್ಕ ಅಕ್ಷರಗಳಲ್ಲಿ ಔಷಧದ ನಿಜವಾದ ಹೆಸರೂ ಮಿಲಿಗ್ರಾಮೂ ಅಚ್ಚಾಗಿರುವವು. ಅದು ಹೆಚ್ಚಾಗಿ ಇಂಗ್ಲಿಷಿನಲ್ಲಿರುವದರಿಂದ ಶಾಲೆಗೆ ಹೋಗುವ ಮಗನಿಂದಲೋ ಮೊಮ್ಮಗಳಿಂದಲೋ ಓದಿಸಿ, ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆಯಿಸಿ, ಯಾವ ವೈದ್ಯರ ಬಳಿಗೆ ಹೋದರೂ ಆ ಚೀಟಿಯನ್ನೂ ಎಲ್ಲಾ ಪಟ್ಟಿಗಳನ್ನೂ ಸಂಗಡ ಒಯ್ಯಿರಿ. ನಾಚಿಕೆಪಡಬೇಡಿರಿ. ಜನೌಷಧಿ ಅಂಗಡಿಗಳಲ್ಲಿ ಈ ಮಾತ್ರೆಗಳು ನಿಜವಾದ ಹೆಸರಿನಿಂದಲೇ ಕಡಿಮೆ ಕ್ರಯಕ್ಕೆ ದೊರೆಯುವವು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೆಟ್‌ಫಾರ್ಮಿನ್ ಧರ್ಮಾರ್ಥವಾಗಿ ಸಿಕ್ಕುವದು. ಹಣವಿಲ್ಲವೆಂದು ದಿನ ಬಿಟ್ಟು ದಿನ ನುಂಗುವವರು ಅಲ್ಲಿ ಕೇಳಲಿ.

ಹಾಗಲಕಾಯಿಯ ರಸ, ಮಧುನಾಶಿನಿ ಸೊಪ್ಪು ಮುಂತಾದವುಗಳು ಸ್ವಲ್ಪ ಸಕ್ಕರೆ ಇಳಿಸಬಹುದು. ಅದೇ ಕಾರಣದಿಂದ ಮಾತ್ರೆಯ ಸಂಗಡ ಕೂಡಿಸುವಾಗ ವೈದ್ಯರಿಗೆ ತಿಳಿಸಬೇಕು. ಜಾತ್ರೆಯಲ್ಲಿಯೂ ಮನೆಬಾಗಲಿಗೂ ಬಂದು ಹೆಸರಿಲ್ಲದ ಚೂರ್ಣವನ್ನು ಮಾರುವವರಿಂದ ದೂರವಿರಿ. ಇಂಥ "ಬರೀ ಬೇರು" ಚೂರ್ಣಗಳಲ್ಲಿ ಗ್ಲಿಬೆನ್‌ಕ್ಲಮೈಡನ್ನೇ ಅರೆದು ಬೆರೆಸಿದ್ದು ಪರೀಕ್ಷೆಗಳಲ್ಲಿ ಕಂಡುಬಂದದ್ದುಂಟು. ಬೇಗ ಗುಣ ಕೊಟ್ಟಿತೆಂದು ಹೊಗಳುವಾಗ ಯಾವುದನ್ನು ಹೊಗಳುತ್ತೇವೆಂದು ನಮಗೆ ತಿಳಿಯದು.

ಕಡೆಯದಾಗಿ, ಮಾತ್ರೆಗಳನ್ನು ಇಡುವ ಸ್ಥಳ. ಒಲೆಯ ಹತ್ತಿರವೂ ಬಚ್ಚಲ ಗೋಡೆಯ ಮೇಲೂ ಇಟ್ಟರೆ ಬಿಸಿಗೂ ತೇವಕ್ಕೂ ಕೆಡುವವು. ಪಟ್ಟಿಯಿಂದ ಬಿಡಿಸಿ ಡಬ್ಬಿಯಲ್ಲಿ ಹಾಕಿಡಬೇಡಿರಿ. ಹೆಸರೂ ತಾರೀಕೂ ಹೋಗುವದು. ಚಾಪೆಯ ಕೆಳಗೂ ದಿಂಬಿನ ಬದಿಯಲ್ಲೂ ಇಡುವ ಅಜ್ಜಿಯರಿಗೆ ನಮ್ಮ ವಿಶೇಷ ಬಿನ್ನಹ: ಗ್ಲಿಮೆಪಿರೈಡಿನ ಜಾತಿಯ ಒಂದೇ ಮಾತ್ರೆಯು ಎರಡು ವರುಷದ ಮಗುವಿನ ಪ್ರಾಣಕ್ಕೆ ಸಾಕು. ಮಗು ನುಂಗಿತೆಂಬ ಸಂಶಯ ಬಂದರೆ ಅದು ಆಟವಾಡುತ್ತಾ ನಗುತ್ತಿದ್ದರೂ ಕಾಯಬೇಡಿರಿ, ಯಾಕಂದರೆ ಗುರುತುಗಳು ಹಲವು ಗಂಟೆ ತಡೆದು ತೋರಬಹುದು. ಮಗುವನ್ನೂ ಖಾಲಿಯಾದ ಪಟ್ಟಿಯನ್ನೂ ಎತ್ತಿಕೊಂಡು ಆಗಲೇ ಆಸ್ಪತ್ರೆಗೆ ಹೊರಡಿರಿ.